ತಲೆಯ ಮೇಲಿನ ಮಣ್ಣು: ನೀರೊನ ಚಿನ್ನದ ಮನೆಯ ಪ್ರಕರಣ

2010ರ ಮಾರ್ಚ್ 30. ರೋಮ್ ನಗರದ ನಡುವೆ, ಕೊಲೊಸಿಯಮ್‌ಗೆ ಕೂಗಳತೆ ದೂರದ ಒಂದು ಪಾರ್ಕಿನಲ್ಲಿ ನೆಲ ಕುಸಿದು ಬಿತ್ತು. ಸುಮಾರು 60 ಚದರ ಮೀಟರ್‌ನಷ್ಟು ಹಳೆಯ ಛಾವಣಿ, ಅದರ ಮೇಲಿದ್ದ ಮಣ್ಣಿನ ಸಮೇತ ಕೆಳಗಿನ ಕತ್ತಲೆಗೆ ಇಳಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅದಕ್ಕೂ ಮುಂಚೆ ಜೋರು ಮಳೆ ಸುರಿದಿತ್ತು. ಮಣ್ಣು ನೀರು ಕುಡಿದು ಭಾರವಾಗಿತ್ತು.

ರೋಮನ್ ಚಕ್ರವರ್ತಿ ನೀರೊನ ಅರಮನೆ ಬಿತ್ತು ಅನ್ನುವ ಸುದ್ದಿ ಹರಡಿತು. ಸರಿಯಾಗಿ ಹೇಳಬೇಕಂದರೆ ಬಿದ್ದದ್ದು ಟ್ರೇಜನ್ ಚಕ್ರವರ್ತಿಯ ಸ್ನಾನಗೃಹಕ್ಕೆ ಸೇರಿದ ಒಂದು ಉದ್ದನೆಯ ಮೊಗಸಾಲೆಯ ಕಮಾನು. ಆದರೆ ಆ ಜಾಗದಲ್ಲಿ ಯಾವುದು ಯಾರದ್ದು ಅಂತ ಬಿಡಿಸಿ ಹೇಳುವುದು ಸುಲಭ ಇಲ್ಲ. ಮೇಲೆ ಪಾರ್ಕು. ಅದರ ಕೆಳಗೆ ಟ್ರೇಜನ್‌ನ ಸ್ನಾನಗೃಹದ ಅವಶೇಷ. ಅದರ ಕೆಳಗೆ ನೀರೊ ಕಟ್ಟಿಸಿದ ಚಿನ್ನದ ಮನೆ, ಲ್ಯಾಟಿನ್‌ನಲ್ಲಿ ದೋಮುಸ್ ಔರೇಯ. ಒಂದರ ಭಾರವನ್ನು ಇನ್ನೊಂದು ಹೊತ್ತು ನಿಂತಿದೆ. ಮೇಲೆ ಬೆಂಚಿನ ಮೇಲೆ ಕೂತು ಪೇಪರ್ ಓದುವ ಅಜ್ಜನ ಕಾಲಡಿಯಲ್ಲಿ, 1,950 ವರ್ಷ ಹಳೆಯ ಬಣ್ಣದ ಛಾವಣಿ ಇರುತ್ತದೆ.

ಈ ಮನೆಯನ್ನು ಉಳಿಸುವುದು ಹೇಗೆ ಅನ್ನುವ ಒಂದೇ ಪ್ರಶ್ನೆಯನ್ನು ನಾನಿಲ್ಲಿ ಹಿಡಿದುಕೊಂಡಿದ್ದೇನೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಮನೆ ಹುಟ್ಟಿದ ಕಥೆ, ಅದನ್ನು ಹೂತ ಕಥೆ, ಮತ್ತೆ ಅಗೆದ ಕಥೆ ಮೂರೂ ಬೇಕು. ಇಂದಿನ ಕಾಯಿಲೆಯ ಬೇರು ಈ ಮೂರರಲ್ಲೂ ಇದೆ.

ಬೆಂಕಿ, ಆಮೇಲೆ ಮನೆ

ರೋಮ್ ಹೊತ್ತಿ ಉರಿಯುವಾಗ ನೀರೊ ಪಿಟೀಲು ಬಾರಿಸುತ್ತಿದ್ದ ಅಂತ ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ ಅಲ್ವಾ. ಪಿಟೀಲು ಹುಟ್ಟಿದ್ದು ಅವನು ಸತ್ತು ಸಾವಿರದ ನಾನೂರು ವರ್ಷ ಕಳೆದ ಮೇಲೆ. ಅವನು ನುಡಿಸುತ್ತಿದ್ದದ್ದು ಒಂದು ಬಗೆಯ ತಂತಿವಾದ್ಯ. ಕ್ರಿ.ಶ. 64ರ ಜುಲೈಯಲ್ಲಿ ಬೆಂಕಿ ಹತ್ತಿದಾಗ ಅವನು ಊರಲ್ಲೇ ಇರಲಿಲ್ಲ, ಸಮುದ್ರ ತೀರದ ಆಂಟಿಯಮ್‌ನಲ್ಲಿದ್ದ. ವಾಪಸ್ ಬಂದು ಮನೆ ಕಳೆದುಕೊಂಡವರಿಗೆ ತನ್ನ ತೋಟಗಳನ್ನು ತೆರೆದುಕೊಟ್ಟ, ಧಾನ್ಯದ ಬೆಲೆ ಇಳಿಸಿದ. ಇದನ್ನು ಬರೆದಿಟ್ಟವನು ನೀರೊನನ್ನು ಕಂಡರಾಗದ ಇತಿಹಾಸಕಾರ ಟ್ಯಾಸಿಟಸ್. ಊರು ಉರಿಯುವಾಗ ಅರಸ ತನ್ನ ಮನೆಯ ರಂಗದ ಮೇಲೆ ಟ್ರಾಯ್ ನಗರದ ನಾಶವನ್ನು ಹಾಡಿದ ಅನ್ನುವ ಗಾಳಿಸುದ್ದಿಯನ್ನೂ ಅವನೇ ದಾಖಲಿಸಿದ್ದಾನೆ, ಗಾಳಿಸುದ್ದಿ ಅಂತಲೇ ಹೇಳಿ.

ಬೆಂಕಿ ಆರು ದಿನ ಉರಿದು ಆರಿತು, ಮತ್ತೆ ಹೊತ್ತಿತು. ರೋಮ್‌ನ 14 ವಿಭಾಗಗಳಲ್ಲಿ 3 ಪೂರ್ತಿ ಬೂದಿಯಾದವು. 7 ವಿಭಾಗಗಳಲ್ಲಿ ಅರೆಬರೆ ಸುಟ್ಟ ಗೋಡೆಗಳು ಉಳಿದವು. 4 ಮಾತ್ರ ಬಚಾವಾದವು.

ಜನರ ಹೊಟ್ಟೆಗೆ ನಿಜವಾಗಿ ಬೆಂಕಿ ಬಿದ್ದದ್ದು ಇದಾದ ಮೇಲೆ. ಸುಟ್ಟುಹೋದ ಊರಿನ ನಟ್ಟನಡುವಿನ ಜಾಗವನ್ನು ನೀರೊ ತನ್ನ ಮನೆಗೆ ತೆಗೆದುಕೊಂಡ. ಪ್ಯಾಲಟೈನ್ ಗುಡ್ಡದಿಂದ ಎಸ್ಕ್ವಿಲೈನ್ ಗುಡ್ಡದವರೆಗೆ, ನಡುವಿನ ಕಣಿವೆಯೂ ಸೇರಿ. ಒಟ್ಟು ವಿಸ್ತೀರ್ಣದ ಅಂದಾಜು ವಿದ್ವಾಂಸರಿಂದ ವಿದ್ವಾಂಸರಿಗೆ ಬೇರೆಯಾಗುತ್ತದೆ. 50 ಹೆಕ್ಟೇರ್ ಅನ್ನುವವರಿದ್ದಾರೆ, 80 ಅನ್ನುವವರೂ ಇದ್ದಾರೆ. ಅಂದರೆ ನಮ್ಮ ಲೆಕ್ಕದಲ್ಲಿ ನೂರಿಪ್ಪತ್ತು ಎಕರೆಯಿಂದ ಇನ್ನೂರು ಎಕರೆ. ಜನ ಕಿಕ್ಕಿರಿದು ಬದುಕುತ್ತಿದ್ದ ಒಂದು ಮಹಾನಗರದ ಮಧ್ಯದಲ್ಲಿ!

ಕಣಿವೆಯಲ್ಲಿ ಒಂದು ಕೆರೆ ಕಟ್ಟಿಸಿದ. ಸುತ್ತ ಹೊಲ, ದ್ರಾಕ್ಷಿ ತೋಟ, ಹುಲ್ಲುಗಾವಲು, ಕಾಡು, ಅದರಲ್ಲಿ ಸಾಕಿದ ಮತ್ತು ಕಾಡಿನ ಪ್ರಾಣಿಗಳು. ಹೆಬ್ಬಾಗಿಲ ಅಂಗಳದಲ್ಲಿ 120 ರೋಮನ್ ಅಡಿ, ಅಂದರೆ ಸುಮಾರು 35 ಮೀಟರ್ ಎತ್ತರದ ಕಂಚಿನ ಪ್ರತಿಮೆ. ಅದನ್ನು ಎರಕ ಹೊಯ್ದವನು ಜೆನೊಡೊರಸ್. ಊಟದ ಕೋಣೆಗಳ ಛಾವಣಿಗೆ ದಂತದ ಹಲಗೆಗಳು. ಅವು ತಿರುಗಿ ಮೇಲಿನಿಂದ ಹೂವು ಸುರಿಸುತ್ತಿದ್ದವು, ಕೊಳವೆಗಳಿಂದ ಸುಗಂಧ ಚಿಮುಕಿಸುತ್ತಿದ್ದವು. ಮುಖ್ಯ ಭೋಜನಶಾಲೆ ದುಂಡಗಿತ್ತು, ಆಕಾಶದ ಹಾಗೆ ಹಗಲೂ ರಾತ್ರಿ ತಿರುಗುತ್ತಿತ್ತು. ಇದೆಲ್ಲ ಹೆಚ್ಚಾಗಿ ರೋಮನ್ ಚರಿತ್ರೆಕಾರ ಸ್ಯೂಟೋನಿಯಸ್ ಕೊಡುವ ವರ್ಣನೆ. ತಿರುಗುವ ಕೋಣೆ ಬರೀ ಕಟ್ಟುಕಥೆ ಅಂತ ತುಂಬ ಜನ ತಳ್ಳಿಹಾಕಿದ್ದರು. 2009ರಲ್ಲಿ ಪ್ಯಾಲಟೈನ್ ಗುಡ್ಡದ ಅಂಚಿನಲ್ಲಿ ಫ್ರೆಂಚ್ ಪುರಾತತ್ವಜ್ಞರ ತಂಡಕ್ಕೆ ಒಂದು ದುಂಡು ಕಟ್ಟಡದ ಬುಡ ಸಿಕ್ಕಿತು. ನಡುವೆ 4 ಮೀಟರ್ ದಪ್ಪದ ಕಂಬ. ಇದೇ ಆ ಕೋಣೆಯ ಅಡಿಪಾಯ ಇರಬಹುದು ಅಂತ ಅವರು ಹೇಳುತ್ತಾರೆ. ಎಲ್ಲರೂ ಒಪ್ಪಿಲ್ಲ.

ಮನೆ ನೋಡಿದ ನೀರೊ, ಕೊನೆಗೂ ಮನುಷ್ಯನ ಹಾಗೆ ಬದುಕಲು ಶುರು ಮಾಡಿದೆ ಅಂದನಂತೆ. ಊರಿನವರು ಗೋಡೆಗಳ ಮೇಲೆ ಬೇರೆ ಬರೆದರು: ರೋಮ್ ಒಂದೇ ಮನೆಯಾಗುತ್ತಿದೆ, ಜನರೇ, ವೇಯಿಗೆ ಗುಳೆ ಹೋಗಿ, ಆ ಮನೆ ವೇಯಿಯನ್ನೂ ನುಂಗದಿದ್ದರೆ! ವೇಯಿ ಅಂದರೆ ರೋಮ್‌ನಿಂದ ಹದಿನಾರು ಕಿಲೋಮೀಟರ್ ಆಚೆಗಿನ ಹಳೆಯ ಊರು.

ಹಣ ಎಲ್ಲಿಂದ ಬಂತು? ಪ್ರಾಂತ್ಯಗಳನ್ನು ಹಿಂಡಿದರು, ದೇವಾಲಯಗಳ ಚಿನ್ನ ತೆಗೆದರು. ಅದೇ ಹೊತ್ತಿಗೆ ನೀರೊ ಬೆಳ್ಳಿ ನಾಣ್ಯದ ತೂಕವನ್ನೂ ಇಳಿಸಿದ. ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ನಾಣ್ಯ ಹೊಡೆಯುತ್ತಿದ್ದದ್ದು 96ಕ್ಕೆ ಏರಿತು, ಬೆಳ್ಳಿಯಲ್ಲಿ ಬೆರಕೆಯೂ ಹೆಚ್ಚಾಯಿತು. ಇಲ್ಲಿ ನಮ್ಮ ನೆಲದ ಒಂದು ಮಾತು ಹೇಳಿಬಿಡುತ್ತೇನೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅಗಸ್ಟಸ್, ಟೈಬೀರಿಯಸ್ ಕಾಲದವು, ನೀರೊ ಕೈ ಹಾಕುವುದಕ್ಕೆ ಮೊದಲಿನ ಗಟ್ಟಿ ಬೆಳ್ಳಿ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚಿನವು ಆ ಇಬ್ಬರ ಕಾಲದವೇ.

ಕಟ್ಟಿದವರ ಕೈ

ಮನೆಯ ಐಷಾರಾಮದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಜಾಸ್ತಿ ಇಷ್ಟ ಅದನ್ನು ಕಟ್ಟಿದ ರೀತಿ. ಸೆವೆರಸ್ ಮತ್ತು ಸೆಲೆರ್ ಅನ್ನುವ ಇಬ್ಬರು ಇದರ ಹೊಣೆ ಹೊತ್ತವರು. ಟ್ಯಾಸಿಟಸ್ ಅವರ ಹೆಸರು ಹೇಳಿದ್ದಾನೆ, ಅವರ ಜಾಣ್ಮೆಯನ್ನೂ ಸಾಹಸವನ್ನೂ ಹೇಳಿದ್ದಾನೆ. ಹೊಗಳಿಕೆಯ ದನಿಯಲ್ಲಿ ಹೇಳಿಲ್ಲ, ಆದರೆ ಹೆಸರು ಉಳಿಯಿತು. ರೋಮನ್ ಕಟ್ಟಡ ಕಟ್ಟಿದವರ ಹೆಸರು ಗೊತ್ತಿರುವುದೇ ಅಪರೂಪ.

ಇವತ್ತು ಪಾರ್ಕಿನ ಕೆಳಗೆ ಉಳಿದಿರುವುದು ಎಸ್ಕ್ವಿಲೈನ್‌ನ ಒಂದು ಕವಲಾದ ಒಪ್ಪಿಯನ್ ಗುಡ್ಡದ ಮೇಲಿನ ಭಾಗ. ಸುಮಾರು 150 ಕೋಣೆಗಳು. ಕೆಲವು ಕೋಣೆಗಳ ಎತ್ತರ 10 ಮೀಟರ್ ದಾಟುತ್ತದೆ, ನಮ್ಮ ಮೂರಂತಸ್ತಿನ ಮನೆಯಷ್ಟು. ಕೋಣೆಗಳ ಸಾಲು ದಕ್ಷಿಣಕ್ಕೆ ಮುಖ ಮಾಡಿತ್ತು. ಮುಂದೆ ಕಂಬಗಳ ಸಾಲು, ಕೆಳಗೆ ಕೆರೆ, ಒಳಗೆಲ್ಲ ಬಿಸಿಲು. ಈಗ ಒಳಗೆ ಹೋದವರಿಗೆ ಇದನ್ನು ನಂಬುವುದು ಕಷ್ಟ. ಈಗ ಅಲ್ಲಿರುವುದು ಗುಹೆಯಂಥ ಕತ್ತಲೆ, ಹತ್ತು ಡಿಗ್ರಿಯ ಆಸುಪಾಸಿನ ಚಳಿ, ಗೋಡೆಯಿಂದ ಇಳಿಯುವ ತೇವ.

ಕಟ್ಟಿದ ಸಾಮಾನು ಸುಣ್ಣ, ಜ್ವಾಲಾಮುಖಿಯ ಬೂದಿ, ಒಡೆದ ಕಲ್ಲಿನ ಚೂರು. ಇವುಗಳ ಕಾಂಕ್ರೀಟ್, ಹೊರಮೈಗೆ ಇಟ್ಟಿಗೆ. ಹಿಂದೆ ಕಾಂಕ್ರೀಟನ್ನು ರೋಮನ್ನರು ಹೆಚ್ಚಾಗಿ ಬಂದರು, ಉಗ್ರಾಣಗಳಂಥ ಕೆಲಸಕ್ಕೆ ಬಳಸುತ್ತಿದ್ದರು. ಸೆವೆರಸ್ ಮತ್ತು ಸೆಲೆರ್ ಅದರಿಂದ ಬೆಳಕನ್ನು ಆಡಿಸಿದರು. ಎಂಟು ಮೂಲೆಯ ಕೋಣೆಯೊಂದು ಇದಕ್ಕೆ ಸಾಕ್ಷಿ. ಅಗಲ ಸುಮಾರು 14 ಮೀಟರ್. ಮೇಲೆ ಗುಮ್ಮಟ. ಕೆಳಗೆ ಎಂಟು ಮುಖವಾಗಿ ಶುರುವಾಗುವ ಗುಮ್ಮಟ ಮೇಲೇರುತ್ತ ದುಂಡಗಾಗುತ್ತದೆ, ಎಲ್ಲಿ ಮೂಲೆ ಮುಗಿದು ಎಲ್ಲಿ ದುಂಡು ಶುರುವಾಯಿತು ಅಂತ ಕಣ್ಣಿಗೆ ಸಿಗುವುದಿಲ್ಲ. ನೆತ್ತಿಯಲ್ಲಿ ಸುಮಾರು 6 ಮೀಟರ್ ಅಗಲದ ಬಯಲು ಕಿಂಡಿ.

ಅಷ್ಟಕ್ಕೇ ನಿಲ್ಲಲಿಲ್ಲ. ಸುತ್ತ ಐದು ಚಿಕ್ಕ ಕೋಣೆಗಳು ಈ ಕೋಣೆಗೆ ತೆರೆದುಕೊಳ್ಳುತ್ತವೆ. ಅವುಗಳಿಗೆ ಬೆಳಕು ಬರುವುದು ಗುಮ್ಮಟದ ಬೆನ್ನಿನ ಮೇಲಿನಿಂದ, ನಡುವಿನ ಕೋಣೆಯಲ್ಲಿ ನಿಂತವರಿಗೆ ಕಾಣದ ಸೀಳುಗಳಿಂದ. ಗುಮ್ಮಟದ ಭಾರ ಗೋಡೆಯ ಮೇಲೆ ಕೂತಿಲ್ಲ, ಎಂಟು ಮೂಲೆಗಳ ಕಂಬಗಳ ಮೇಲೆ ಮಾತ್ರ ಕೂತಿದೆ. ಹಾಗಾಗಿ ನಡುವೆಲ್ಲ ಖಾಲಿ ಬಿಡಲು ಸಾಧ್ಯವಾಯಿತು. ಒಂದು ಕೋಣೆಯಲ್ಲಿ ಹಿಂದಿನ ಗೋಡೆಯಿಂದ ನೀರು ಜಲಪಾತವಾಗಿ ಇಳಿಯುತ್ತಿತ್ತು. ಗುಮ್ಮಟದ ಒಳಮೈಯಲ್ಲಿ ಸೆಂಟ್ರಿಂಗ್ ಹಲಗೆಗಳ ಗುರುತು ಇವತ್ತಿಗೂ ಇದೆ. ಇವತ್ತು ನಮ್ಮೂರಲ್ಲಿ ಮೋಲ್ಡ್ ಹಾಕಿ ಹಲಗೆ ಬಿಚ್ಚಿದಾಗ ಕಾಣುವ ಗುರುತೇ. ಎರಡು ಸಾವಿರ ವರ್ಷದ ಹಿಂದೆ ಯಾವನೋ ಬಡಗಿ ಜೋಡಿಸಿದ ಹಲಗೆಯ ಗೆರೆ ಅದು. ಇದಾಗಿ ಅರವತ್ತು ವರ್ಷದ ಬಳಿಕ, 43 ಮೀಟರ್ ಅಗಲದ ಪ್ಯಾಂಥಿಯನ್ ಗುಮ್ಮಟ ರೋಮ್‌ನಲ್ಲಿ ಎದ್ದಿತು. ಅದರ ಮೊದಲ ಪಾಠ ಇಲ್ಲಿ ನಡೆದಿದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಚಿತ್ರ ಬರೆದ ಮುಖ್ಯ ಕಲಾವಿದನ ಹೆಸರನ್ನು ಆ ಕಾಲದ ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಹಸ್ತಪ್ರತಿಗಳಲ್ಲಿ ಫಬುಲ್ಲಸ್ ಅಂತಲೂ ಇದೆ, ಫಮುಲಸ್ ಅಂತಲೂ ಇದೆ. ದಿನಕ್ಕೆ ಕೆಲವೇ ಗಂಟೆ ಕೆಲಸ ಮಾಡುತ್ತಿದ್ದ. ಅಟ್ಟಣಿಗೆ ಹತ್ತಿದಾಗಲೂ ಗೌರವದ ಉಡುಪಾದ ಟೋಗಾ ತೆಗೆಯುತ್ತಿರಲಿಲ್ಲ. ಚಿನ್ನದ ಮನೆಯೇ ಅವನ ಕಲೆಗೆ ಸೆರೆಮನೆಯಾಯಿತು ಅನ್ನುತ್ತಾನೆ ಪ್ಲಿನಿ. ಅವನ ಕೆಲಸವೆಲ್ಲ ಅಲ್ಲೇ ಸಿಕ್ಕಿಕೊಂಡಿತ್ತು, ಹೊರಗಿನವರು ನೋಡಲು ಸಿಗಲಿಲ್ಲ ಅನ್ನುವ ಅರ್ಥದಲ್ಲಿ. 2025ರ ಆರಂಭದಲ್ಲಿ ಈ ಮನೆಯಲ್ಲಿ ಅಂಥ ಕೆಲಸಗಾರರ ಒಂದು ಗುರುತು ಸಿಕ್ಕಿದ ಸುದ್ದಿ ಬಂತು: 2.4 ಕಿಲೋ ತೂಕದ ನೀಲಿ ಬಣ್ಣದ ಗಟ್ಟಿ, ಈಜಿಪ್ಟ್ ನೀಲಿ ಅನ್ನುವ ಬಗೆಯದ್ದು. ಆ ಬಣ್ಣ ಸಾಮಾನ್ಯವಾಗಿ ಪುಡಿಯಾಗಿಯೋ ಸಣ್ಣ ಉಂಡೆಯಾಗಿಯೋ ಸಿಗುತ್ತದೆ, ಇಷ್ಟು ದೊಡ್ಡದು ಸಿಗುವುದು ತೀರಾ ಕಡಿಮೆ.

ಹೂತವರು

68ರ ಜೂನ್‌ನಲ್ಲಿ ನೀರೊ ಸತ್ತ. ಮನೆಗೆ ಬರೀ ನಾಲ್ಕು ವರ್ಷ, ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಆಮೇಲೆ ಬಂದ ಚಕ್ರವರ್ತಿ ಓಥೊ ಅದನ್ನು ಮುಗಿಸಲು 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಮಂಜೂರು ಮಾಡಿದ. ಅವನೂ ಕೆಲವೇ ತಿಂಗಳಲ್ಲಿ ಹೋದ. ಕೊನೆಗೆ ಅಧಿಕಾರ ಗಟ್ಟಿಯಾಗಿ ಹಿಡಿದವನು ವೆಸ್ಪೇಸಿಯನ್.

ವೆಸ್ಪೇಸಿಯನ್ ಮಾಡಿದ್ದು ಬುದ್ಧಿವಂತ ರಾಜಕೀಯ. ಕೆರೆ ಇದ್ದ ಜಾಗವನ್ನು ಬತ್ತಿಸಿ ಅಲ್ಲಿ ಜನರಿಗಾಗಿ ಬಯಲು ಕ್ರೀಡಾಂಗಣ ಶುರು ಮಾಡಿದ. ಅವನ ಮಗ ಟೈಟಸ್ 80ರಲ್ಲಿ ಉದ್ಘಾಟಿಸಿದ. ಅದೇ ನಾವು ಇವತ್ತು ನೋಡುವ ಕೊಲೊಸಿಯಮ್. ಅರಸ ಕಿತ್ತುಕೊಂಡ ಜಾಗ ಊರಿಗೆ ವಾಪಸ್ ಬಂತು. ಕಂಚಿನ ಪ್ರತಿಮೆಯನ್ನು ಸೂರ್ಯದೇವನನ್ನಾಗಿ ಮಾಡಿದರು. ಮುಂದೆ ಚಕ್ರವರ್ತಿ ಹೇಡ್ರಿಯನ್ ಅದನ್ನು ನಿಂತ ಹಾಗೆಯೇ 24 ಆನೆಗಳಿಂದ ಎಳೆಸಿ ಬೇರೆ ಕಡೆ ಸರಿಸಿದ. ಕೊಲೊಸಿಯಮ್ ಅನ್ನುವ ಹೆಸರು ಈ ದೈತ್ಯ ಪ್ರತಿಮೆಯಿಂದಲೇ ಬಂದದ್ದು.

ಗುಡ್ಡದ ಮೇಲಿನ ಭಾಗ ಇನ್ನೂ ಸ್ವಲ್ಪ ಕಾಲ ನಿಂತಿತ್ತು. 104ರಲ್ಲಿ ಅಲ್ಲೂ ಬೆಂಕಿ ಬಿತ್ತು. ಟ್ರೇಜನ್ ತನ್ನ ಎಂಜಿನಿಯರ್ ಅಪೊಲೊಡೊರಸ್‌ಗೆ ಅದೇ ಜಾಗದಲ್ಲಿ ಸಾರ್ವಜನಿಕ ಸ್ನಾನಗೃಹ ಕಟ್ಟಲು ಹೇಳಿದ. ಡಮಾಸ್ಕಸ್‌ನವನಾದ ಈ ಅಪೊಲೊಡೊರಸ್ ಮಾಡಿದ ತೀರ್ಮಾನವೇ ನಮ್ಮ ಪ್ರಕರಣದ ಗುಟ್ಟು.

ಅವನು ಅರಮನೆಯನ್ನು ಒಡೆದು ಸಮ ಮಾಡಬಹುದಿತ್ತು. ಹಾಗೆ ಮಾಡಲಿಲ್ಲ. ಅಮೃತಶಿಲೆ, ಮೂರ್ತಿ, ಬೆಲೆ ಬಾಳುವುದನ್ನೆಲ್ಲ ಕಿತ್ತು ತೆಗೆಸಿದ. ಕೋಣೆಗಳ ಒಳಗೆ ಕಮಾನಿನವರೆಗೂ ಮಣ್ಣು, ಕಲ್ಲುಪುಡಿ ತುಂಬಿಸಿದ. ಬಿಸಿಲು ಬರುತ್ತಿದ್ದ ದಕ್ಷಿಣದ ಮುಖದ ಮುಂದೆ ಸಾಲು ಸಾಲಾಗಿ ಹೊಸ ಗೋಡೆ ಎಬ್ಬಿಸಿ ಕಮಾನು ಹಾಕಿದ. ಒಟ್ಟು ಅರಮನೆಯೇ ಸ್ನಾನಗೃಹಕ್ಕೆ ಪಾಯವಾಯಿತು. ಸ್ನಾನಗೃಹದ ಬಿಸಿನೀರಿನ ಭಾಗಕ್ಕೆ ಮಧ್ಯಾಹ್ನದ ಬಿಸಿಲು ಸಿಗಬೇಕು ಅಂತ ಅವನು ಇಡೀ ಕಟ್ಟಡವನ್ನು ನೈಋತ್ಯಕ್ಕೆ ತಿರುಗಿಸಿದ್ದ. ಅದರಿಂದ ಟ್ರೇಜನ್‌ನ ಗೋಡೆಗಳು ನೀರೊನ ಕೋಣೆಗಳನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತವೆ. ನಕ್ಷೆ ನೋಡಿದರೆ ಎರಡು ಹಾಳೆಗಳನ್ನು ಸೊಟ್ಟಗೆ ಒಂದರ ಮೇಲೊಂದು ಇಟ್ಟ ಹಾಗೆ ಕಾಣುತ್ತದೆ. 109ರ ಜೂನ್‌ನಲ್ಲಿ ಸ್ನಾನಗೃಹ ಜನರಿಗೆ ತೆರೆಯಿತು.

ಹೀಗೆ ಹೂತದ್ದರಿಂದ ಎರಡು ಕೆಲಸ ಆದವು. ತುಂಬಿದ ಮಣ್ಣು ಕಮಾನುಗಳಿಗೆ ಒಳಗಿನಿಂದ ಒತ್ತು ಕೊಟ್ಟಿತು. ಮೇಲಿನ ಭಾರವನ್ನು ಗೋಡೆಗಳ ಜೊತೆ ಮಣ್ಣೂ ಹೊತ್ತಿತು. ಇನ್ನೊಂದು, ಗಾಳಿ ಆಡಲಿಲ್ಲ, ಬೆಳಕು ಬೀಳಲಿಲ್ಲ, ತೇವ ಏರಿಳಿಯಲಿಲ್ಲ. ಬಣ್ಣಕ್ಕೆ ಇದಕ್ಕಿಂತ ಒಳ್ಳೆಯ ಪೆಟ್ಟಿಗೆ ಬೇರೆ ಇಲ್ಲ. ಸುಮಾರು 1,370 ವರ್ಷ ಅದು ಹಾಗೇ ಇತ್ತು.

ತೂತಿನಿಂದ ಇಳಿದವರು

1480ರ ಸುಮಾರಿಗೆ ಗುಡ್ಡದ ಮೇಲಿನ ತೋಟಗಳಲ್ಲಿ ನೆಲದಲ್ಲಿ ತೂತುಗಳು ಕಾಣಿಸಿದವು. ಇಳಿದು ನೋಡಿದರೆ ಬಣ್ಣದ ಗುಹೆ! ಅವರು ನಿಂತದ್ದು ಕೋಣೆಯ ನೆಲದ ಮೇಲಲ್ಲ, ತುಂಬಿದ ಮಣ್ಣಿನ ಮೇಲೆ. ಹಾಗಾಗಿ ಹತ್ತು ಮೀಟರ್ ಎತ್ತರದ ಛಾವಣಿ ಕೈಗೆ ಸಿಗುವಷ್ಟು ಹತ್ತಿರ. ಕೆಲವು ಕಡೆ ಮಲಗಿಕೊಂಡು, ತೆವಳಿಕೊಂಡು, ಪಂಜಿನ ಬೆಳಕಲ್ಲಿ ಚಿತ್ರ ನಕಲು ಮಾಡಿಕೊಂಡರು. ಇದು ನೀರೊನ ಮನೆ ಅಂತ ಅವರಿಗೆ ಗೊತ್ತಿರಲಿಲ್ಲ. ಟೈಟಸ್‌ನ ಅರಮನೆ ಅಂದುಕೊಂಡಿದ್ದರು.

ಹೀಗೆ ಇಳಿದವರಲ್ಲಿ ಹೆಸರಾಂತ ಚಿತ್ರಕಾರರಿದ್ದರು: ಪಿಂಟುರಿಕ್ಕಿಯೊ, ಗಿರ್ಲಾಂಡಾಯೊ, ಆಮೇಲೆ ರಾಫೆಲ್, ಅವನ ಶಿಷ್ಯ ಜೊವಾನ್ನಿ ದ ಊದಿನೆ. ಅವರು ಕಂಡದ್ದು ಬಳ್ಳಿಯಿಂದ ಹುಟ್ಟುವ ಮನುಷ್ಯ, ರೆಕ್ಕೆಯ ಕುದುರೆ, ಮೀನಿನ ಬಾಲದ ಸಿಂಹ, ತೆಳ್ಳನೆಯ ಕಡ್ಡಿಯಂಥ ಕಂಬಗಳ ಮೇಲೆ ತೂಗುವ ಮಂಟಪ. ಈ ಶೈಲಿಗೆ ಗುಹೆಯ ಇಟಾಲಿಯನ್ ಹೆಸರಾದ ಗ್ರೊಟ್ಟ ಅನ್ನುವುದರಿಂದ ಗ್ರೊಟೆಸ್ಕ್ ಅಂತ ಹೆಸರು ಬಂತು. ಬಿಳಿ ಉಬ್ಬುಗಾರೆಯ ಕೆಲಸ ನೋಡಿ ಮರುಳಾದ ಜೊವಾನ್ನಿ, ಆ ಪಾಕ ಕಂಡುಹಿಡಿಯಲು ಎಷ್ಟೋ ಬಾರಿ ಸೋತು, ಕೊನೆಗೆ ಸುಣ್ಣಕ್ಕೆ ಅಮೃತಶಿಲೆಯ ಪುಡಿ ಬೆರೆಸಿ ಸಾಧಿಸಿದ. ಪೋಪ್ ಅರಮನೆಯಲ್ಲಿ ರಾಫೆಲ್‌ನ ತಂಡ ಅಲಂಕರಿಸಿದ ಮೊಗಸಾಲೆಗಳಲ್ಲಿ ಆ ಗುಹೆಯ ಗಾಳಿ ಇವತ್ತಿಗೂ ಇದೆ.

ಆದರೆ ಕಾಯಿಲೆಯೂ ಅಲ್ಲಿಂದಲೇ ಶುರು. ಪಂಜಿನ ಮಸಿ ಛಾವಣಿಗೆ ಹಿಡಿಯಿತು. ಇಳಿದವರು ಮೊಳೆಯಿಂದ, ಚಾಕುವಿನಿಂದ ತಮ್ಮ ಹೆಸರು ಕೆತ್ತಿದರು. ಆ ಹೆಸರುಗಳು ಈಗಲೂ ಇವೆ. ಈಗ ಅವೂ ಇತಿಹಾಸ ಆಗಿಬಿಟ್ಟಿವೆ, ಅಳಿಸುವ ಹಾಗಿಲ್ಲ. 18ನೇ ಶತಮಾನದ ಕೊನೆಗೆ ಕೆಲವು ಕೋಣೆಗಳ ಮಣ್ಣು ತೆಗೆದರು. 1811ರಿಂದ 1814ರವರೆಗೆ ವಾಸ್ತುಶಿಲ್ಪಿ ಆಂಟೋನಿಯೊ ದೆ ರೊಮಾನಿಸ್ ಇನ್ನೂ ಹಲವು ಕೋಣೆ ಖಾಲಿ ಮಾಡಿಸಿದ. 20ನೇ ಶತಮಾನದಲ್ಲಿ ಇನ್ನಷ್ಟು. ಒಂದೊಂದು ಕೋಣೆ ಖಾಲಿಯಾದಾಗಲೂ ಕಮಾನಿಗೆ ಒತ್ತು ಕೊಟ್ಟಿದ್ದ ಮಣ್ಣು ಹೋಯಿತು, ಹೊರಗಿನ ಗಾಳಿ ಒಳಗೆ ಬಂತು.

ಒಳಗಿನ ಮಣ್ಣು ಹೋಯಿತು, ಮೇಲಿನ ಮಣ್ಣು ಹಾಗೇ ಉಳಿಯಿತು. ಅಷ್ಟೇ ಅಲ್ಲ, 1920–30ರ ದಶಕಗಳಲ್ಲಿ ಗುಡ್ಡದ ಮೇಲೆ ಪಾರ್ಕು ಮಾಡಿ ಗಿಡ ನೆಟ್ಟರು. ಗಿಡಗಳು ಮರಗಳಾದವು.

ಮೇಲಿನಿಂದ ಇಳಿಯುವ ನೀರು

ನಮ್ಮಲ್ಲಿ ಹಳೆಯ ದೇವಸ್ಥಾನದ ಗೋಪುರದ ಬಿರುಕಲ್ಲಿ ಅರಳಿ ಗಿಡ ಹುಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಮೊದಲು ಎರಡು ಎಲೆ. ಹತ್ತು ವರ್ಷದಲ್ಲಿ ಕಲ್ಲನ್ನೇ ಪಕ್ಕಕ್ಕೆ ತಳ್ಳಿರುತ್ತದೆ. ರೋಮ್‌ನಲ್ಲಿ ನಡೆದದ್ದೂ ಅದೇ, ಬೇರು ಹೊರಗೆ ಕಾಣುವುದಿಲ್ಲ ಅಷ್ಟೇ. ಮರದ ಬೇರು ತೇವ ಹುಡುಕಿಕೊಂಡು ಇಳಿಯುತ್ತದೆ, ಕಮಾನಿನ ಬೆನ್ನು ತಲುಪುತ್ತದೆ, ಗಾರೆಯ ಸಂದಿಯಲ್ಲಿ ನುಗ್ಗುತ್ತದೆ. ಬೇರು ಹೋದ ದಾರಿಯಲ್ಲೇ ನೀರು ಇಳಿಯುತ್ತದೆ.

ನೀರು ಏನು ಮಾಡುತ್ತದೆ? ಒಂದು, ಮಣ್ಣಿನ ತೂಕ ಏರಿಸುತ್ತದೆ. 2010ರಲ್ಲಿ ಕಂಡದ್ದು ಇದೇ. ಎರಡು, ಗಾರೆಯ ಸುಣ್ಣವನ್ನು ನಿಧಾನವಾಗಿ ಕರಗಿಸಿ ಕೆಳಗೆ ತರುತ್ತದೆ. ಅದು ಚಿತ್ರದ ಮೇಲೆ ಬಿಳಿ ಪದರವಾಗಿ ಗಟ್ಟಿಯಾಗುತ್ತದೆ. ಮೂರನೆಯದು ಇನ್ನೂ ಕೆಟ್ಟದ್ದು. ಗೋಡೆಯೊಳಗಿನ ಉಪ್ಪನ್ನು ನೀರು ಹೊತ್ತು ತರುತ್ತದೆ. ಗೋಡೆ ಒಣಗುವಾಗ ಆ ಉಪ್ಪು ಬಣ್ಣದ ಹಿಂದೆಯೇ ಹರಳುಗಟ್ಟಿ ಉಬ್ಬುತ್ತದೆ, ಬಣ್ಣ ಪುಡಿಪುಡಿಯಾಗಿ ಉದುರುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಗೋಡೆಯ ಸುಣ್ಣ ಬೇಸಿಗೆಯಲ್ಲಿ ಚಕ್ಕೆ ಏಳುವುದು ನಮ್ಮ ಮನೆಗಳಲ್ಲೂ ಇದೆಯಲ್ಲ, ಅದೇ ಆಟ. ಇದರ ಜೊತೆ ಬೂಷ್ಟು, ಪಾಚಿ. ದೀಪ ಹಾಕಿದರೆ ಪಾಚಿ ಜಾಸ್ತಿ, ಜನ ಉಸಿರಾಡಿದರೆ ತೇವ ಜಾಸ್ತಿ.

ಹೀಗಾಗಿ ಬಾಗಿಲು ತೆರೆಯುವುದು, ಮುಚ್ಚುವುದು ನಡೆದೇ ಇತ್ತು. ದಶಕಗಳ ಕಾಲ ಮುಚ್ಚಿದ್ದ ಮನೆಯನ್ನು 1999ರಲ್ಲಿ ಜನರಿಗೆ ತೆರೆದರು. 2005ರ ಡಿಸೆಂಬರ್‌ನಲ್ಲಿ ಸೋರಿಕೆ ಅಪಾಯದ ಮಟ್ಟಕ್ಕೆ ಬಂದು ಮುಚ್ಚಿದರು. 2007ರಲ್ಲಿ ಒಂದಿಷ್ಟು ಭಾಗ ತೆರೆದರು, ಮತ್ತೆ ಮುಚ್ಚಿದರು. ಆಮೇಲೆ 2010ರ ಕುಸಿತ.

1999ರ ತೆರೆಯುವಿಕೆಯನ್ನು ನಾನು ತಪ್ಪು ಅನ್ನುವುದಿಲ್ಲ. ಇಷ್ಟು ದೊಡ್ಡ ಕಟ್ಟಡವನ್ನು ಜನ ನೋಡಬೇಕು. ಆದರೆ ಆಗ ಒಳಗಿನ ಚಿತ್ರಗಳಿಗೆ ಕೊಟ್ಟ ಗಮನ ತಲೆಯ ಮೇಲಿನ ಮಣ್ಣಿಗೆ ಸಿಗಲಿಲ್ಲ. ಮನೆಯ ಮಾಳಿಗೆ ಸೋರುವಾಗ ಗೋಡೆಗೆ ಬಣ್ಣ ಬಳಿದರೆ ಏನು ಪ್ರಯೋಜನ? ಇನ್ನೊಂದು ತೊಡಕೂ ಇತ್ತು. ಕೆಳಗಿನ ಸ್ಮಾರಕ ಇಟಲಿ ಸರ್ಕಾರದ್ದು, ಮೇಲಿನ ಪಾರ್ಕು ರೋಮ್ ನಗರಾಡಳಿತದ್ದು. ಒಂದೇ ಗುಡ್ಡಕ್ಕೆ ಇಬ್ಬರು ಯಜಮಾನರು. ಮರ ಕಡಿಯಬೇಕಾದರೆ ಒಬ್ಬರನ್ನು ಕೇಳಬೇಕು, ಆ ಮರದ ಬೇರು ಕೆಡಿಸುವುದು ಇನ್ನೊಬ್ಬರ ಛಾವಣಿ.

ಮೇಲಿನಿಂದ ಶುರು ಮಾಡಿದ ರಿಪೇರಿ

ಕುಸಿತದ ನಂತರದ ವರ್ಷಗಳಲ್ಲಿ ಕೆಲಸದ ದಿಕ್ಕು ಬದಲಾಯಿತು. ಪಾರ್ಕನ್ನು ತುಂಡು ತುಂಡಾಗಿ ತೆಗೆದುಕೊಂಡರು. ಒಂದು ತುಂಡಿನಲ್ಲಿ ದೊಡ್ಡ ಬೇರಿನ ಗಿಡಮರ ತೆಗೆದು, ಪುರಾತತ್ವದವರು ಪದರ ಪದರವಾಗಿ ಮಣ್ಣು ಅಗೆದು, ಕಮಾನಿನ ಬೆನ್ನು ಕಾಣುವವರೆಗೆ ಇಳಿಯುವುದು. ಟ್ರೇಜನ್ ಕಾಲದ ಅವಶೇಷ ಸಿಕ್ಕರೆ ಅದನ್ನು ದಾಖಲಿಸುವುದು. ಕಮಾನಿನ ಬಿರುಕು ತುಂಬುವುದು, ನೀರು ಇಳಿಯದ ಹಾಗೆ ವಾಟರ್‌ಪ್ರೂಫ್ ಪದರ ಹಾಸುವುದು, ಅದರ ಮೇಲೆ ನೀರು ಹರಿದು ಹೋಗುವ ಪದರ, ಅದರ ಮೇಲೆ ತೆಳುವಾದ ಹಗುರ ಮಣ್ಣು. ಅದರಲ್ಲಿ ಆಳಕ್ಕೆ ಬೇರು ಬಿಡದ ಸಣ್ಣ ಗಿಡ, ಹುಲ್ಲು. ಊರಿನವರಿಗೆ ಪಾರ್ಕು ಉಳಿಯುತ್ತದೆ, ಛಾವಣಿಯ ಭಾರ ಇಳಿಯುತ್ತದೆ, ಒಳಗಿನ ತೇವ ಹದಕ್ಕೆ ಬರುತ್ತದೆ. ಮೊದಲು ಒಂದು ತುಂಡಿನಲ್ಲಿ ಮಾಡಿ ನೋಡಿದರು.

ಇಲ್ಲಿ ಅವಸರ ಮಾಡುವ ಹಾಗಿಲ್ಲ ಅನ್ನುವುದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಶತಮಾನಗಟ್ಟಲೆ ಒದ್ದೆಯಾಗಿಯೇ ಇದ್ದ ಗೋಡೆಯನ್ನು ಒಂದು ಬೇಸಿಗೆಯಲ್ಲಿ ಒಣಗಿಸಿದರೆ, ಉಪ್ಪು ಒಮ್ಮೆಲೇ ಹೊರಬಂದು ಇರುವ ಬಣ್ಣವೂ ಹೋಗುತ್ತದೆ. ಚಿತ್ರದ ಕೋಣೆಗೂ ಹೊರಗಿನ ಗಾಳಿಗೂ ನಡುವೆ ತಡೆ ಹಾಕಿ, ತೇವವನ್ನು ಅಳೆಯುತ್ತ, ನಿಧಾನವಾಗಿ ಹೋಗಬೇಕು. ಕೆಳಗಡೆ ಚಿತ್ರ ರಿಪೇರಿ ಮಾಡುವವರು ಅಟ್ಟಣಿಗೆ ಮೇಲೆ ಮಲಗಿ, ಬೆರಳಗಲ ಬೆರಳಗಲ ಬಿಳಿ ಪದರ ಬಿಡಿಸುತ್ತಾರೆ. ಮೊದಲು ಉದುರುವ ಬಣ್ಣವನ್ನು ಗೋಡೆಗೆ ಅಂಟಿಸಬೇಕು, ಆಮೇಲೆ ಬೂಷ್ಟು ಕೊಲ್ಲಬೇಕು, ಕೊನೆಗೆ ಕೊಳೆ ತೆಗೆಯಬೇಕು. ಕ್ರಮ ತಪ್ಪಿದರೆ ಕೊಳೆಯ ಜೊತೆ ಚಿತ್ರವೂ ಬರುತ್ತದೆ.

2014ರ ಅಕ್ಟೋಬರ್‌ನಿಂದ ವಾರದ ಕೊನೆಯ ದಿನಗಳಲ್ಲಿ ಜನರನ್ನು ಒಳಗೆ ಬಿಡಲು ಶುರು ಮಾಡಿದರು. ಕೆಲಸ ಮುಗಿದ ಮೇಲೆ ಅಲ್ಲ, ಕೆಲಸ ನಡೆಯುತ್ತಿರುವಾಗಲೇ. ತಲೆಗೆ ಹೆಲ್ಮೆಟ್ ಹಾಕಿ, ಚಿಕ್ಕ ಗುಂಪುಗಳಲ್ಲಿ, ಗೈಡ್ ಜೊತೆಯಲ್ಲಿ. ಇದು ನನಗೆ ತುಂಬ ಹಿಡಿಸಿದ ತೀರ್ಮಾನ. ರಿಪೇರಿಗೆ ಇಷ್ಟು ವರ್ಷ ಯಾಕೆ ಬೇಕು, ಇಷ್ಟು ದುಡ್ಡು ಯಾಕೆ ಬೇಕು ಅಂತ ನೋಡಿದವರಿಗೇ ಗೊತ್ತಾಗುತ್ತದೆ. ಬರೀ ಬೋರ್ಡು ಹಾಕಿ ಬೀಗ ಜಡಿದರೆ ಜನ ಮರೆತುಬಿಡುತ್ತಾರೆ. 2017ರಲ್ಲಿ ಒಂದು ಕೋಣೆಯಲ್ಲಿ ವರ್ಚುವಲ್ ರಿಯಾಲಿಟಿ ಕನ್ನಡಕ ಇಟ್ಟರು. ಹಾಕಿಕೊಂಡರೆ ಟ್ರೇಜನ್ ಕಟ್ಟಿದ ಗೋಡೆ ಮಾಯವಾಗಿ, ಕಂಬಗಳ ನಡುವಿನಿಂದ ಬಿಸಿಲು ಒಳಗೆ ಬರುತ್ತದೆ. ಆ ಕತ್ತಲ ಗುಹೆ ಒಂದು ಕಾಲಕ್ಕೆ ಬೆಳಕಿನ ಮನೆಯಾಗಿತ್ತು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಹೊಳೆಯುವುದಿಲ್ಲ. ಎಂಟು ಮೂಲೆಯ ಕೋಣೆಗೆ ನಡೆದು ಹೋಗಲು ವಾಸ್ತುಶಿಲ್ಪಿ ಸ್ತೆಫಾನೊ ಬೊಯೆರಿ ರೂಪಿಸಿದ ಹೊಸ ಸೇತುವೆ ದಾರಿ 2021ರಲ್ಲಿ ತೆರೆಯಿತು.

ಖಾಲಿ ಮಾಡದ ಕೋಣೆ

2019ರ ಮೇ ತಿಂಗಳಲ್ಲಿ ಒಂದು ಸುದ್ದಿ ಹೊರಬಿತ್ತು. ಒಂದು ಕೋಣೆಯ ಛಾವಣಿ ಗಟ್ಟಿ ಮಾಡಲು ಅಟ್ಟಣಿಗೆ ಕಟ್ಟಿದ್ದರು. ಮೇಲೆ ಹತ್ತಿದವರಿಗೆ ಕಮಾನಿನ ಮೂಲೆಯಲ್ಲಿ ಒಂದು ಕಿಂಡಿ ಕಂಡಿತು. ದೀಪ ಹಿಡಿದು ನೋಡಿದರೆ ಪಕ್ಕದಲ್ಲಿ ಇನ್ನೊಂದು ಕೋಣೆ, ಯಾವ ದಾಖಲೆಯಲ್ಲೂ ಇಲ್ಲದ್ದು. ಮಣ್ಣು ತುಂಬಿದೆ, ಮೇಲ್ಭಾಗ ಮಾತ್ರ ಖಾಲಿ. ಬಿಳಿ ಹಿನ್ನೆಲೆಯ ಕಮಾನಿನ ಮೇಲೆ ಕೆಂಪು, ಹಳದಿ ಗೆರೆಗಳ ಚೌಕಟ್ಟು. ಅದರೊಳಗೆ ಅರ್ಧ ಮನುಷ್ಯ ಅರ್ಧ ಕುದುರೆಯಾದ ಸೆಂಟಾರ್, ಆಡಿನ ಕಾಲಿನ ಪ್ಯಾನ್ ದೇವರು, ಕತ್ತಿ ಹಿಡಿದವನ ಮೇಲೆ ಎರಗುವ ಚಿರತೆ, ಹಕ್ಕಿಗಳು, ಜಲಚರಗಳು. ಒಂದು ಪೀಠದ ಮೇಲೆ ಒಂಟಿ ಸ್ಫಿಂಕ್ಸ್, ಅಂದರೆ ಸಿಂಹದ ಮೈ, ಮನುಷ್ಯನ ಮುಖದ ಪ್ರಾಣಿ. ಅದಕ್ಕೇ ಆ ಕೋಣೆಗೆ ಸ್ಫಿಂಕ್ಸ್ ಕೋಣೆ ಅಂತ ಹೆಸರಿಟ್ಟರು.

ಹಿಂದಿನ ಕಾಲ ಆಗಿದ್ದರೆ ಮರುದಿನವೇ ಗುದ್ದಲಿ ಇಳಿಯುತ್ತಿತ್ತು. ಕೋಣೆಯ ತಳದಲ್ಲಿ ಏನಿದೆ ಅಂತ ನೋಡುವ ಆಸೆ ಯಾರಿಗೆ ಇರುವುದಿಲ್ಲ? ನನಗೂ ಇದೆ. ಆದರೆ ಅವರು ಅಗೆಯಲಿಲ್ಲ. ಆ ಮಣ್ಣು ತೆಗೆದರೆ ಸುತ್ತಲಿನ ಗೋಡೆ, ಕಮಾನು ಸಡಿಲವಾಗುವ ಅಪಾಯ ಇದೆ. ಛಾವಣಿಯ ಬಣ್ಣವನ್ನು ಗಟ್ಟಿ ಮಾಡಿದರು, ಶುಚಿ ಮಾಡಿದರು, ಅಷ್ಟಕ್ಕೆ ನಿಲ್ಲಿಸಿದರು. ಗೋಡೆಗಳ ಬಹುಪಾಲು ಇನ್ನೂ ಅಪೊಲೊಡೊರಸ್‌ನ ಕೂಲಿಗಳು ಬುಟ್ಟಿಯಲ್ಲಿ ಹೊತ್ತು ತಂದು ಸುರಿದ ಮಣ್ಣಿನೊಳಗೇ ಇದೆ. ಸ್ಫಿಂಕ್ಸ್ ಅದರ ಮೇಲೆ, ಹೊಸ ಬೆಳಕಿನಲ್ಲಿ, ತನ್ನ ಪೀಠದ ಮೇಲೆ ಕೂತಿದೆ.